ಮನೆ ನೋಡಲು ಅಡಿಸ್ ಅಬಾಬಕ್ಕೆ

ಬಸವೇಶ್ವರನಗರ, ಹೊರಡುವ ಮುಂಚೆ

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಹಿರಿಯರು ಹೋಗುತ್ತಾರೆ, ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಾರೆ. ಬಾಯಿ ತಟ್ಟೆಯ ಮೇಲಿದ್ದರೂ ಕಣ್ಣೆಲ್ಲ ನಲ್ಲಿಯ ಕಡೆ, ಅಡುಗೆಮನೆಯ ಕಡೆ, ಅತ್ತೆಯಾಗುವವಳ ಮುಖದ ಕಡೆ. ವಾಪಸ್ಸು ಬಂದು ವರದಿ ಒಪ್ಪಿಸುತ್ತಾರೆ: ನೀರಿಗೆ ತೊಂದರೆಯಿಲ್ಲ, ಗಾಳಿ ಬೆಳಕು ಪರವಾಗಿಲ್ಲ, ಹೆಂಗಸರು ಸ್ವಲ್ಪ ಜೋರು. ಆಮೇಲೆಯೇ ಮುಂದಿನ ಮಾತು.

ನಾನು ಇಥಿಯೋಪಿಯಾಕ್ಕೆ ಹೊರಟಿದ್ದು ಗೆಳತಿ ಹಿರುತ್‌ಳ ಮದುವೆಗೆ. ಅಮ್ಮ ನನ್ನನ್ನು ಕಳಿಸಿದ್ದು ಮಾತ್ರ ಮನೆ ನೋಡುವುದಕ್ಕೆ.

ಒಂದು ಸಂಜೆ ಅಮ್ಮ ಹಾಲ್‌ನಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವರೆಕಾಳನ್ನೂ ಲೆಕ್ಕ ಬಿಡಿಸಿದಂತೆಯೇ ಹಿತುಕುತ್ತಾಳೆ. ಅಪ್ಪ ಪೇಪರಿನ ಹಿಂದೆ ಇದ್ದರು. ನಾನು ಎಷ್ಟೋ ವಾರಗಳಿಂದ ನುಂಗಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಮ್ಮ, ನಾನು ದೀಕ್ಷಾಸ್ನಾನ ತಗೋಬೇಕು ಅಂತಿದೀನಿ. ಕಾಮಾಕ್ಷಿಪಾಳ್ಯದ ಚರ್ಚಲ್ಲಿ."

ಅವರೆಬೇಳೆಯೊಂದು ಅಮ್ಮನ ಬೆರಳಿನಿಂದ ಚಿಮ್ಮಿ ಅಪ್ಪನ ಪೇಪರಿಗೆ ಬಡಿಯಿತು. ಪೇಪರು ಅಲುಗಾಡಲಿಲ್ಲ.

"ಅಂದ್ರೆ ನಮ್ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗೋದು ತಾನೆ?" ಅಂದಳು ಅಮ್ಮ.

"ಹಂಗೇನಿಲ್ಲಮ್ಮ..."

"ಹಂಗೇ. ಹೆಣ್ಮಕ್ಕಳು ಹೋಗೋದು ಇದ್ದದ್ದೇ. ಆದ್ರೆ ಮನೆ ನೋಡ್ದೆ ಯಾರೂ ಕಳಿಸಲ್ಲ. ಹೆಂಗೂ ಹಿರುತ್ ಮದುವೆಗೆ ಹೋಗ್ತಿದೀಯಲ್ಲ, ಅವರೆಲ್ಲ ತಲೆತಲಾಂತರದಿಂದ ಅದೇ ದೇವರನ್ನ ನಂಬಿರೋರು. ನೋಡ್ಕೊಂಡು ಬಾ. ನೀರು ಹೆಂಗೆ, ಅಡುಗೆ ಹೆಂಗೆ, ಹೆಂಗಸರನ್ನ ಹೆಂಗೆ ನೋಡ್ಕೋತಾರೆ. ಇದ್ದದ್ದು ಇದ್ದಂಗೆ ಬಂದು ಹೇಳು. ಆಮೇಲೆ ನಾನು ಹೂಂ ಅಂತೀನೋ ಊಹೂಂ ಅಂತೀನೋ ಹೇಳ್ತೀನಿ."

ಇಪ್ಪತ್ತಾರು ವರ್ಷದವಳಿಗೆ ಯಾರ ಹೂಂ ಬೇಕು ಎಂದು ನೀವು ಕೇಳಬಹುದು. ನನಗೆ ಬೇಕಿತ್ತು. ಹೆಸರು ಸಹನಾ ಎಂದಿದ್ದರೂ ನಾನು ಮುಂಗೋಪಿ, ಮನೆಯಲ್ಲಿ ದಿನಕ್ಕೊಂದು ಜಗಳ ನನ್ನದೇ. ಆದರೆ ಅಮ್ಮ ಮುಖ ತಿರುಗಿಸಿ ಕೂತಿರುವಾಗ ನೀರಿಗಿಳಿದು ಎದ್ದು ಬಂದರೆ ನನಗೆ ಸಂತೋಷವಾಗುವುದಿಲ್ಲ ಅನ್ನುವುದು ಖಾತ್ರಿಯಿತ್ತು. ನಮ್ಮ ಪಾಸ್ಟರ್ ಅಂಕಲ್ ಕೂಡ, "ಮನೇಲಿ ಮಾತಾಡ್ಕೊಂಡು ಬಾಮ್ಮ, ಕದ್ದು ಮಾಡೋ ಕೆಲಸ ಅಲ್ಲ ಇದು" ಅಂದಿದ್ದರು. ಹೀಗೆ ಸೂಟ್‌ಕೇಸಿನಲ್ಲಿ ಹಿರುತ್‌ಗೊಂದು ನನಗೊಂದು ಮೈಸೂರು ಸಿಲ್ಕ್ ಸೀರೆ, ಚಕ್ಕುಲಿ, ಹುರಿಗಾಳು, ತಲೆಯಲ್ಲಿ ಅಮ್ಮನ ಮೂರು ಪ್ರಶ್ನೆ ಇಟ್ಟುಕೊಂಡು ಹೊರಟೆ.

ವಿಮಾನದಲ್ಲಿ

ದಾರಿಯುದ್ದಕ್ಕೂ ಹಿರುತ್ ನೆನಪಾಗುತ್ತಿದ್ದಳು. ಅವಳು ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ನನ್ನ ಸಹಪಾಠಿ. ಇಬ್ಬರದೂ ಭೂಗೋಳದಲ್ಲಿ ಎಂ.ಎಸ್ಸಿ. ಭೂಗೋಳ ಓದಿದ ನಾನು ಅಲ್ಲಿಯವರೆಗೆ ಕಂಡ ದೂರದ ಊರೆಂದರೆ ತಿರುಪತಿ. ಅವಳು ಅಷ್ಟು ದೂರದಿಂದ ಬಂದು, ಅನ್ನಪೂರ್ಣೇಶ್ವರಿ ನಗರದ ಪಿ.ಜಿ.ಯಲ್ಲಿದ್ದುಕೊಂಡು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಕನ್ನಡ ಕಲಿತಿದ್ದಳು. ಕಲಿಸಿದ್ದು ಕ್ಲಾಸಿನ ಹುಡುಗರಾದ್ದರಿಂದ ಪ್ರೊಫೆಸರ್ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಅವಳಿಗೆ 'ಮಗಾ'.

ಒಂದು ಭಾನುವಾರ ನಮ್ಮ ಬಸ್ಸು ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಎಲ್ಲಿಂದಲೋ ಡೋಲಕ್ಕಿನ ಸದ್ದು ಕೇಳಿಸಿತು. ಗಾರ್ಮೆಂಟ್ಸ್ ಯೂನಿಟ್ಟೊಂದರ ಮೇಲಿನ ಮಹಡಿಯಲ್ಲಿ ಆರಾಧನೆ ನಡೆಯುತ್ತಿತ್ತು. "ಇಳಿ ಮಗಾ, ಇಳಿ" ಎಂದು ಹಿರುತ್ ನನ್ನನ್ನೂ ಎಳೆದುಕೊಂಡು ಇಳಿದಳು. ಅವರ ಊರಿನ ಚರ್ಚಿನಲ್ಲಿ ಡೋಲು ಬಾರಿಸುತ್ತಾರಂತೆ. ಬೆಂಗಳೂರಿಗೆ ಬಂದ ಮೇಲೆ ಅದನ್ನು ಕೇಳಿರಲಿಲ್ಲವಂತೆ. ಮೆಟ್ಟಿಲ ಮೇಲೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿದ್ದೇ ಅವಳ ಕಣ್ಣು ತುಂಬಿತು. "ನಮ್ ಊರಲ್ಲೂ ಹಿಂಗೇ, ಚಪ್ಪಲಿ ಹೊರಗೆ" ಅಂದಳು.

ಸೊಪ್ಪಿನ ಕನ್ನಡ ಚರ್ಚಿನ ಪ್ರಸಂಗಕ್ಕೆ, ಅಂದರೆ ಪ್ರವಚನಕ್ಕೆ, ಸಾಲುವುದಿಲ್ಲ. ಕೃಪೆ, ರಕ್ಷಣೆ, ಪಶ್ಚಾತ್ತಾಪ ಎಂದು ಪಾಸ್ಟರ್ ಅಂಕಲ್ ಶುರು ಮಾಡಿದರೆ ಹಿರುತ್ ನನ್ನ ಮುಖ ನೋಡುತ್ತಿದ್ದಳು. ಹಾಗಾಗಿ ಪ್ರತಿ ಭಾನುವಾರ ನಾನು ಅವಳ ಪಕ್ಕ ಕೂತು ಕಿವಿಯಲ್ಲಿ ಇಂಗ್ಲಿಷಿಗೆ ಅನುವಾದ ಮಾಡತೊಡಗಿದೆ. ದೇವರ ವಿಷಯ ನನಗೇನೂ ಬೇಕಿರಲಿಲ್ಲ, ಆರಾಧನೆ ಮುಗಿದ ಮೇಲೆ ಕೊಡುತ್ತಿದ್ದ ವೆಜಿಟೆಬಲ್ ಪಲಾವು ಬೇಕಿತ್ತು. ಆದರೆ ಈ ಅನುವಾದದ ಕೆಲಸದಲ್ಲಿ ಒಂದು ಫಜೀತಿಯಿದೆ. ಪಾಸ್ಟರ್ ಅಂಕಲ್ "ನಾನು ನಂಬುತ್ತೇನೆ" ಅಂದರೆ ನಾನೂ "ನಾನು ನಂಬುತ್ತೇನೆ" ಎಂದೇ ಹೇಳಬೇಕು. "ಅವರು ನಂಬುತ್ತಾರಂತೆ" ಎಂದು ಜಾರಿಕೊಳ್ಳಲು ಆಗುವುದಿಲ್ಲ. ನಾನು, ನನ್ನ ಕರ್ತ, ನನ್ನ ಕುರುಬ... ವಾರವಾರವೂ ನನ್ನ ಬಾಯಲ್ಲಿ ಇದೇ.

ಒಮ್ಮೆ ಅವರು ವರ್ಷಗಟ್ಟಲೆ ರಕ್ತಸ್ರಾವದಿಂದ ನರಳಿದ ಒಬ್ಬ ಹೆಂಗಸಿನ ಕಥೆ ಹೇಳಿದರು. ಎಲ್ಲರೂ ದೂರವಿಟ್ಟವಳು. ಜನಜಂಗುಳಿಯಲ್ಲಿ ನುಗ್ಗಿ ಬಂದು ಹಿಂದಿನಿಂದ ಯೇಸುವಿನ ಬಟ್ಟೆಯ ಅಂಚನ್ನು ಮುಟ್ಟುತ್ತಾಳೆ. ಅವನು ತಿರುಗಿ ನೋಡುತ್ತಾನೆ. ಗದರುವುದಿಲ್ಲ. ಎಲ್ಲರೆದುರು ಅವಳನ್ನು ಮಗಳೇ ಎನ್ನುತ್ತಾನೆ.

ನಮ್ಮ ಮನೆಯಲ್ಲಿ ತಿಂಗಳ 'ಡೇಟ್' ಆದಾಗ ದೇವಸ್ಥಾನಕ್ಕೆ ಹೋದರೂ ಒಳಗೆ ಹೋಗುವಂತಿಲ್ಲ. ಹೊರಗೆ ಕೂತು ಎಲ್ಲರ ಚಪ್ಪಲಿ ಕಾಯುವುದು ನನ್ನ ಡ್ಯೂಟಿ. ಹೈಸ್ಕೂಲಿನಿಂದ ಕಾದು ಕಾದು ನಮ್ಮ ಬಳಗದ ಚಪ್ಪಲಿಗಳಲ್ಲಿ ಯಾವುದರ ಉಂಗುಷ್ಟ ಯಾವಾಗ ಕಿತ್ತಿತೆಂದು ನಾನು ಹೇಳಬಲ್ಲೆ. ಒಳಗೆ ಮಂಗಳಾರತಿಯ ಗಂಟೆ ಹೊಡೆಯುವಾಗ ಹೊರಗೆ ಕೂತ ಹುಡುಗಿಗೆ ಏನನ್ನಿಸುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಈ ಕಥೆ ಕೇಳಿದ ಹಾಗಿತ್ತು. ಅನುವಾದ ನಿಂತೇ ಹೋಯಿತು. ಹಿರುತ್ ಮೊಣಕೈಯಲ್ಲಿ ತಿವಿದಳು: "ಆಮೇಲೆ ಏನಾಯ್ತು ಮಗಾ?"

ಆ ಚರ್ಚಿನಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ. ಒಂದು ಸಲ ನಾನು ಮೆಟ್ಟಿಲ ಹತ್ತಿರವೇ ಹಿಂದೆ ಮುಂದೆ ನೋಡುತ್ತಿದ್ದಾಗ ಪಾಸ್ಟರ್ ಅಂಕಲ್ ಹೆಂಡತಿ, ನಾವೆಲ್ಲ ಪಾಸ್ಟರಮ್ಮ ಅನ್ನುವವರು, "ಅದಕ್ಕೆಲ್ಲ ಇಲ್ಲಿ ಯಾರೂ ಕೇಳಲ್ಲ, ಬಾಮ್ಮ" ಎಂದು ಕೈಹಿಡಿದು ಒಳಗೆ ಕರೆದುಕೊಂಡಿದ್ದರು.

ಓದು ಮುಗಿದು ಹಿರುತ್ ಊರಿಗೆ ಹೋದಳು. ಮುಂದಿನ ಭಾನುವಾರ ನಾನು ತಲೆ ಬಾಚಿ, ದುಪಟ್ಟಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ಆ ಹುಡುಗೀನೇ ಇಲ್ವಲ್ಲೇ, ಯಾರಿಗೆ ಟ್ರಾನ್ಸ್‌ಲೇಟ್ ಮಾಡೋಕೆ ಹೋಗ್ತಿದೀಯ?" ಅಂದಳು ಅಮ್ಮ. ಕೇಳಿಸದವಳಂತೆ ಚಪ್ಪಲಿ ಮೆಟ್ಟಿಕೊಂಡು ಹೋದೆ. ಯಾರ ಕಿವಿಯೂ ಪಕ್ಕದಲ್ಲಿಲ್ಲದೆ ಕೂತಾಗ, ಇಷ್ಟು ದಿನ ಹೇಳಿದ 'ನಾನು' ನಾನೇ ಎಂದು ಗೊತ್ತಾಯಿತು. ಅದಾಗಿ ಎರಡು ವರ್ಷದ ಮೇಲೆ, ಮದುವೆಗೆ ಬಾ ಎಂದು ಹಿರುತ್ ಕರೆದಳು.

ಅಡಿಸ್ ಅಬಾಬ, ಮೊದಲ ಸಂಜೆ

ವಿಮಾನ ನಿಲ್ದಾಣದ ಹೊರಗೆ, ಅಷ್ಟು ಜನ ಗಂಭೀರವಾಗಿ ನಿಂತಿರುವಾಗ, "ಬಾರೋ ಮಗಾ!" ಎಂಬ ಕೂಗು. ಮದುಮಗಳು! ಐದು ದಿನದಲ್ಲಿ ಮದುವೆಯಾಗುವವಳು ಓಡಿ ಬಂದು ಕೆನ್ನೆಗೆ ಕೆನ್ನೆ ತಾಗಿಸಿದಳು. ಈ ಕಡೆ, ಆ ಕಡೆ, ಮತ್ತೆ ಈ ಕಡೆ, ಜೊತೆಗೊಂದು ಭುಜ. ಅಲ್ಲಿಯವರ ಭೇಟಿಯೆಂದರೆ ಅದು. ನಾನು ಯಾವ ಕೆನ್ನೆ ಯಾವಾಗ ಎಂದು ತಿಳಿಯದೆ ಅವಳ ಅಣ್ಣನ ಮೂಗಿಗೆ ಢಿಕ್ಕಿ ಹೊಡೆದೆ.

ಹವೆ ನಮ್ಮ ಜನವರಿಯದೇ. ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಬಿಸಿಲು, ರಸ್ತೆಯ ಪಕ್ಕ ನೀಲಗಿರಿ ಮರ. ಊರು ಮಾತ್ರ ಎತ್ತರದಲ್ಲಿದೆ. ಅದು ಪರೀಕ್ಷೆಯಲ್ಲಿ ನಾನೇ ಬರೆದ ಉತ್ತರ. ಅದರ ಅರ್ಥ ತಿಳಿದದ್ದು ಲಾಡ್ಜಿನ ಎರಡನೇ ಮಹಡಿ ಹತ್ತಿ ಮೀನಿನ ಹಾಗೆ ಬಾಯಿ ಬಿಟ್ಟಾಗ. ಹಿರುತ್ ಮನೆ ತುಂಬ ನೆಂಟರಿದ್ದರಿಂದ ಅದೇ ಬೀದಿಯ ಲಾಡ್ಜಿನಲ್ಲಿ ನನಗೆ ಕೋಣೆ ಮಾಡಿದ್ದರು.

ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬಂತು. ಪಕ್ಕದಲ್ಲಿ ನೀರು ತುಂಬಿಟ್ಟ ಡ್ರಮ್ಮು, ಅದರ ಮೇಲೊಂದು ಮಗ್ಗು. ನನಗೆ ಬಹಳ ಸಮಾಧಾನವಾಯಿತು. ವಿದೇಶವೆಂದರೆ ನಲ್ಲಿಯಲ್ಲಿ ಸದಾ ನೀರು, ಬಚ್ಚಲಿನಲ್ಲಿ ಬರೀ ಕಾಗದ ಎಂದು ಹೆದರಿಕೊಂಡು ಹೋಗಿದ್ದೆ. ಸಂಜೆ ಅಮ್ಮ ವಿಡಿಯೋ ಕಾಲ್ ಮಾಡಿದಳು.

"ನೀರು?"

"ದಿನ ಬಿಟ್ಟು ದಿನ ಬರುತ್ತಂತಮ್ಮ. ಡ್ರಮ್ಮಲ್ಲಿ ಹಿಡಿದಿಡ್ತಾರೆ."

"ಹಂಗಾದ್ರೆ ನಮ್ಮನೆ ಥರಾನೇ" ಅಂದಳು ಅಮ್ಮ. ಧ್ವನಿಯಲ್ಲಿ ಕೊಂಚ ನಿರಾಸೆಯಿತ್ತು. ನೀರಿಲ್ಲ ಅಂದಿದ್ದರೆ ಅಲ್ಲಿಗೇ ಊಹೂಂ ಅನ್ನಬಹುದಿತ್ತೋ ಏನೋ.

ಅಜ್ಜಿಯ ಮನೆ, ಏಳು ಗಂಟೆ

ಮಾರನೆಯ ದಿನ ಹಿರುತ್‌ಳ ಅಣ್ಣ ಬಂದು, ಏಳು ಗಂಟೆಗೆ ಅಜ್ಜಿಯ ಮನೆಯಲ್ಲಿ ನಿನಗೆ ಊಟ ಎಂದು ಹೇಳಿ ಮನೆ ತೋರಿಸಿ ಹೋದ. ಸಂಜೆ ಏಳಕ್ಕೆ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಚಕ್ಕುಲಿ ಪೊಟ್ಟಣ ಹಿಡಿದು ಹೋದರೆ, ಬಾಗಿಲಲ್ಲಿ ಬಿಳಿ ಹತ್ತಿಯ ಬಟ್ಟೆ ಹೊದ್ದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮುಖ ನಮ್ಮ ಅಮ್ಮನ ಕೊನೆಯ ಪಿರಿಯಡ್ಡಿನ ಮುಖದ ಹಾಗಿತ್ತು. ಒಳಗೆ ಹಿರುತ್ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಏನ್ ಮಗಾ ನೀನು! ಏಳು ಗಂಟೆ ಅಂದ್ರೆ ಮಧ್ಯಾಹ್ನ ಒಂದು ಗಂಟೆ!"

ಅವರ ಗಡಿಯಾರ ಸೂರ್ಯ ಹುಟ್ಟಿದಾಗ ಶುರುವಾಗುತ್ತದೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಮಧ್ಯಾಹ್ನದ ಒಂದು ಅವರಿಗೆ ಏಳು. ಊರಿಗೆ ವಾಪಸ್ಸಾದ ಹಿರುತ್‌ಗೆ ನಮ್ಮ ಗಡಿಯಾರವೇ ಮರೆತುಹೋಗಿ ಅಣ್ಣನಿಗೂ ಹೇಳಿ ಕಳಿಸಿರಲಿಲ್ಲ. ಅಜ್ಜಿ ಅತಿಥಿ ಬರಲಿ ಎಂದು ಸರಿಯಾಗಿ ಉಣ್ಣದೆ ಕಾದಿದ್ದರು. ನಾನು ಮಾತ್ರ ಲಾಡ್ಜಿನಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಅಷ್ಟು ದೂರ ಬಂದು ಒಬ್ಬ ಮುದುಕಿಯನ್ನು ಹಸಿದಿರುವಂತೆ ಮಾಡಿದೆನಲ್ಲ ಎಂದು ನಾಚಿಕೆಯಿಂದ ಬಗ್ಗಿ ಅಜ್ಜಿಯ ಕಾಲು ಮುಟ್ಟಿದೆ. ಅವರು ಗಾಬರಿಯಾಗಿ ನನ್ನನ್ನು ಎತ್ತಿ, ತಮ್ಮ ಮೊಣಕಾಲು ತೋರಿಸಿ ಏನೋ ಹೇಳಿದರು. ಹಿರುತ್ ನಕ್ಕಳು. "ನಮ್ಮಲ್ಲಿ ದೊಡ್ಡೋರ ಮೊಣಕಾಲಿಗೆ ಮುತ್ತು ಕೊಡ್ತಾರೆ. ನೀನು ಸ್ವಲ್ಪ ಕೆಳಗೆ ಹೋದೆ, ಪರವಾಗಿಲ್ಲ ಅಂತಿದಾರೆ."

ಅವತ್ತು ಬುಧವಾರ, ಅವರಿಗೆ ಉಪವಾಸದ ದಿನ. ಉಪವಾಸವೆಂದರೆ ಮಾಂಸ, ಹಾಲು, ಬೆಣ್ಣೆ ಯಾವುದೂ ಇಲ್ಲ. ಮಾಂಸ ಮುಟ್ಟದ ಮನೆಯಿಂದ ಬಂದ ನನಗೆ ಅದೇ ಹಬ್ಬದೂಟ. ದೊಡ್ಡ ತಟ್ಟೆಯ ತುಂಬ ಕಂದುಬಣ್ಣದ ಹುಳಿ ದೋಸೆ, ಅದಕ್ಕೆ ಇಂಜೆರಾ ಎನ್ನುತ್ತಾರೆ. ನಮ್ಮ ರಾಗಿಗಿಂತ ಸಣ್ಣ ಕಾಳಿನ ಹಿಟ್ಟನ್ನು ಹುದುಗು ಬರಿಸಿ ಹುಯ್ಯುತ್ತಾರೆ. ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಖಾರದ ಗೊಜ್ಜು. ಎಲ್ಲರಿಗೂ ಒಂದೇ ತಟ್ಟೆ. ಎಂಜಲು ಎಂದು ನಾನು ಹಿಂಜರಿಯುವಷ್ಟರಲ್ಲಿ ಅಜ್ಜಿ ದೊಡ್ಡ ತುತ್ತು ಕಟ್ಟಿ ನನ್ನ ಬಾಯಿಗೆ ಇಟ್ಟೇಬಿಟ್ಟರು. ಹಾಗೆ ಉಣ್ಣಿಸುವುದು ಅಲ್ಲಿ ಪ್ರೀತಿಯ ಲಕ್ಷಣ; ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ಉಸಿರಾಡಲು ಜಾಗವಿರದಷ್ಟು ಪ್ರೀತಿ ಅಜ್ಜಿಗೆ ನನ್ನ ಮೇಲೆ ಹುಟ್ಟಿತ್ತು. ತುಂಬಿದ ಬಾಯಲ್ಲೇ ನನಗೆ ಅಮ್ಮನ ಕೈತುತ್ತು ನೆನಪಾಗಿ ಕಣ್ಣಲ್ಲಿ ನೀರು ಬಂತು. ಖಾರ ಎಂದುಕೊಂಡು ಅಜ್ಜಿ ನೀರು ಕೊಟ್ಟರು.

"ಅಡುಗೆ?" ಎಂದು ಅವತ್ತು ಅಮ್ಮ ಕೇಳಿದಾಗ ಮುಖವೆಲ್ಲ ಅರಳಿಸಿಕೊಂಡು ವರ್ಣಿಸಿದೆ. ಅಮ್ಮ, "ಕೈಯಾರೆ ಉಣ್ಣಿಸಿದರಾ?" ಎಂದಷ್ಟೇ ಕೇಳಿದಳು.

ಭಾನುವಾರ, ಬಾಗಿಲ ಹೊರಗೆ

ಮದುವೆ ಭಾನುವಾರ ಬೆಳಿಗ್ಗೆ, ಅವರ ಹಳೆಯ ಆರ್ಥೊಡಾಕ್ಸ್ ಚರ್ಚಿನಲ್ಲಿ. ಅವತ್ತೇ ನಸುಕಿನಲ್ಲಿ ನನಗೆ ಡೇಟ್ ಆಯಿತು. ನನ್ನ ಮೈಗೆ ಇರುವ ಸಮಯಪ್ರಜ್ಞೆ ನನ್ನ ಗಡಿಯಾರಕ್ಕೆ ಇದ್ದಿದ್ದರೆ ಬುಧವಾರದ ಊಟ ತಪ್ಪುತ್ತಿರಲಿಲ್ಲ. ಆದರೆ ನನಗೇನೂ ಚಿಂತೆಯಾಗಲಿಲ್ಲ. ಇದು ಯೇಸುವಿನ ಮನೆ, ಪಾಸ್ಟರಮ್ಮ ಹೇಳಿದ್ದಾರಲ್ಲ ಎಂದು ಆರಾಮಾಗಿ ಸೀರೆಯುಟ್ಟು ಹೋದೆ.

ಮದುಮಗಳ ಕೋಣೆಯಲ್ಲಿ ಹಿರುತ್‌ಳ ಅಮ್ಮ ನನ್ನ ತಲೆಗೆ ತೆಳು ಬಿಳಿ ಹೊದಿಕೆ ಹೊದಿಸಿದರು. ಅದನ್ನು ನೆತೆಲಾ ಎನ್ನುತ್ತಾರೆ. ನಾನು ಹಿರುತ್‌ಗೆ, "ಪ್ಯಾಡ್ ಇದೆಯಾ ಕಣೇ? ತಂದಿದ್ದು ಸಾಲಲ್ಲ ಅನ್ಸುತ್ತೆ" ಎಂದು ಮೆಲ್ಲಗೆ ಕೇಳಿದೆ. ಅವಳ ಮುಖ ಇಳಿಯಿತು.

"ಅಯ್ಯೋ. ಮಗಾ, ಸಾರಿ. ನಮ್ಮಲ್ಲಿ ಆ ದಿನ ಒಳಗೆ ಹೋಗಲ್ಲ. ಹೊರಗೆ ನಿಲ್ತಾರೆ."

ಕಾಮಾಕ್ಷಿಪಾಳ್ಯದಲ್ಲಿ ಅಷ್ಟೊಂದು ಭಾನುವಾರ ಜೊತೆಗೆ ಕೂತಿದ್ದರೂ ನಾವಿಬ್ಬರೂ ಈ ವಿಷಯ ಮಾತಾಡಿಯೇ ಇರಲಿಲ್ಲ. ಸುಮ್ಮನಿದ್ದು ಒಳಗೆ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಮದುಮಗಳಿಗೇ ಗೊತ್ತು. ಅವಳ ಮದುವೆಯ ದಿನ ಅವಳ ಮನಸ್ಸಿಗೆ ಕಿರಿಕಿರಿ ಮಾಡುವ ಹಾಗಿಲ್ಲ. "ಹೋಗು, ನಾನು ಹೊರಗೆ ಇರ್ತೀನಿ" ಅಂದೆ.

ಸಮುದ್ರ ದಾಟಿ ಬಂದದ್ದು ಇದಕ್ಕಾ? ಮತ್ತೆ ಬಾಗಿಲ ಹೊರಗೆ, ಮತ್ತೆ ರಾಶಿ ಚಪ್ಪಲಿಗಳ ಮುಂದೆ! ಎಲ್ಲರೂ ಬರಿಗಾಲಲ್ಲಿ ಒಳಗೆ ಹೋದ ಮೇಲೆ ನನಗೆ ಗೊತ್ತಿಲ್ಲದೆಯೇ ಬಗ್ಗಿ ಶೂಗಳನ್ನು ಜೋಡಿ ಜೋಡಿಯಾಗಿಸಿ ಇಡುತ್ತಿದ್ದೆ. ತಡವಾಗಿ ಬಂದ ಒಬ್ಬರು ನನ್ನನ್ನು ಆ ಕೆಲಸದವಳೆಂದುಕೊಂಡು ತಮ್ಮ ಬೂಟುಗಳನ್ನು ನನ್ನ ಕೈಗೇ ಕೊಟ್ಟು ಹೋದರು. ಮೈಸೂರು ಸಿಲ್ಕ್ ಸೀರೆಯುಟ್ಟು ಬೂಟು ಹಿಡಿದು ನಿಂತೆ. ಅಮ್ಮನಿಗೆ ಏನು ಹೇಳಲಿ? ಹೆಂಗಸರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬ ಮೂರನೆಯ ಪ್ರಶ್ನೆಗೆ ಇದನ್ನೇ ಹೇಳಬೇಕು. ಹೇಳಿದರೆ ಅಮ್ಮ ಊಹೂಂ ಅನ್ನುತ್ತಾಳೆ, ಅದು ನ್ಯಾಯವೇ. ಅಳು ಬಂತು, ಸಿಟ್ಟೂ ಬಂತು.

ಆಗ ಹಿಂದಿನಿಂದ ಯಾರೋ ನನ್ನ ಕೈಯಿಂದ ಬೂಟು ಕಿತ್ತುಕೊಂಡು ನೆಲಕ್ಕೆ ಹಾಕಿದರು. ಅಜ್ಜಿ! ಮೊಮ್ಮಗಳ ಮದುವೆ ಒಳಗೆ ನಡೆಯುತ್ತಿದೆ, ಅಜ್ಜಿ ಹೊರಗೆ. ನಾನು ಬಾಗಿಲ ಕಡೆ ಕೈತೋರಿಸಿ, ಹೋಗುವುದಿಲ್ಲವೇ ಎಂದು ಸನ್ನೆ ಮಾಡಿದೆ. ಅವರು ಕೈಚೀಲದಿಂದ ಬಿ.ಪಿ. ಮಾತ್ರೆಯ ಪಟ್ಟಿ ತೆಗೆದು ತೋರಿಸಿ, ಬಾಯಿಗೆ ತುತ್ತು ಇಡುವ ಹಾಗೆ ಮಾಡಿದರು. ಬೆಳಿಗ್ಗೆ ಮಾತ್ರೆ ನುಂಗಬೇಕು, ಅದಕ್ಕೆ ಮುಂಚೆ ರೊಟ್ಟಿ ತಿನ್ನಬೇಕು. ತಿಂದ ಮೇಲೆ ಅವರು ಒಳಗೆ ಹೋಗುವುದಿಲ್ಲ. ಸುತ್ತ ನೋಡಿದೆ. ಅಂಗಳದ ತುಂಬ ಜನರಿದ್ದರು. ಮರದ ಕೆಳಗೆ ಮಗುವಿಗೆ ಹಾಲು ಕೊಡುತ್ತಿದ್ದವಳು, ಕೋಲಿಗೆ ಒರಗಿ ನಿಂತ ಮುದುಕರು, ಕಚೇರಿಗೆ ಹೊರಟವನಂತೆ ಬ್ಯಾಗು ಹಾಕಿಕೊಂಡು ಗೋಡೆಗೆ ಹಣೆ ಹಚ್ಚಿ ನಿಂತವನು. ಇವರೆಲ್ಲ ಏಕೆ ಹೊರಗಿದ್ದಾರೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಅಜ್ಜಿ ಚರ್ಚಿನ ಗೋಡೆಗೆ ಮುತ್ತಿಟ್ಟರು. ನನ್ನನ್ನು ಪಕ್ಕಕ್ಕೆಳೆದುಕೊಂಡು ತಮ್ಮ ನೆತೆಲಾದ ಒಂದು ತುದಿಯನ್ನು ನನ್ನ ಹೆಗಲಿಗೂ ಹೊದಿಸಿದರು. ಒಳಗೆ ಡೋಲು ಶುರುವಾಯಿತು. ಅಜ್ಜಿ ನಿಂತಲ್ಲೇ ಮೆಲ್ಲಗೆ ತೂಗುತ್ತಾ ಹಾಡಿದರು, ಗಂಟಲು ಒಡೆದಿದ್ದರೂ ಸಂಕೋಚವಿಲ್ಲದೆ. ನನಗೆ ಒಂದು ಪದವೂ ತಿಳಿಯಲಿಲ್ಲ, ಕಿವಿಯಲ್ಲಿ ಹೇಳುವವರೂ ಇರಲಿಲ್ಲ. ಆದರೆ ಜನಜಂಗುಳಿಯಲ್ಲಿ ಬಟ್ಟೆಯ ಅಂಚು ಮುಟ್ಟಿದ ಆ ಹೆಂಗಸು ನೆನಪಾದಳು. ಅವಳಿಗೆ ಅವನು ಸಿಕ್ಕಿದ್ದು ಗುಡಿಯ ಒಳಗಲ್ಲ, ಬೀದಿಯಲ್ಲಿ. ಈ ಬಾಗಿಲ ಕಟ್ಟಳೆಯ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಅವನ ಮೇಲೆ ಇರಲಿಲ್ಲ. ಅವನು ನನ್ನ ಜೊತೆ ಹೊರಗೇ ನಿಂತಿದ್ದಾನೆ ಎಂದು ನನಗೆ ಅನ್ನಿಸಿತು, ಅಷ್ಟು ಸಂತೋಷ ನನಗೆ ಯಾವ ಚರ್ಚಿನ ಒಳಗೂ ಆಗಿರ‍ಲಿಲ್ಲ.

ಹಿರುತ್ ಜರಿಯ ನಿಲುವಂಗಿ, ತಲೆಗೆ ಕಿರೀಟ ತೊಟ್ಟು ಗಂಡನ ಜೊತೆ ಹೊರಬಂದವಳೇ ಫೋಟೋದವರನ್ನು ಬದಿಗೆ ಸರಿಸಿ ಸೀದಾ ಅಜ್ಜಿಯ ಹತ್ತಿರ ಬಂದು ಮೊಣಕಾಲಿಗೆ ಮುತ್ತಿಟ್ಟಳು. ನನ್ನನ್ನು ತಬ್ಬಿಕೊಂಡು, "ಒಳಗೆ ಕರ್ಕೊಂಡು ಹೋಗೋಕಾಗ್ಲಿಲ್ಲ" ಎಂದು ಅತ್ತಳು. ಅಜ್ಜಿ ಗದರಿದರು. ಗೇಟಿನಿಂದ ಹಿಡಿದು ಮರಗಳವರೆಗೆ ಕೈಯಾಡಿಸಿ ಏನೋ ಹೇಳಿದರು. ಈಗ ಹಿರುತ್ ನನಗೆ ಅನುವಾದ ಮಾಡಿದಳು.

"ಗೇಟಿಂದಾನೇ ದೇವರ ಮನೆ ಶುರು ಅಂತೆ. ನಾವಿಬ್ರೂ ಒಳಗೇ ಇದ್ವಿ, ನೀನ್ಯಾಕೆ ಅಳ್ತೀಯ ಅಂತಿದಾರೆ."

ಮದುವೆಯ ಊಟ

ಮಧ್ಯಾಹ್ನ ಛತ್ರದಂಥ ದೊಡ್ಡ ಹಾಲಿನಲ್ಲಿ ಊಟ. ಒಂದು ಮೂಲೆಯಲ್ಲಿ ಬಿಳಿ ಕೋಟಿನವನೊಬ್ಬ ಕೆಂಪಗಿನದೇನನ್ನೋ ಕತ್ತರಿಸಿ ಕೊಡುತ್ತಿದ್ದ, ಜನ ಮುಗಿಬಿದ್ದಿದ್ದರು. ಕಲ್ಲಂಗಡಿ ಎಂದುಕೊಂಡು ನಾನೂ ತಟ್ಟೆ ಹಿಡಿದು ಕ್ಯೂನಲ್ಲಿ ನಿಂತೆ. ಹತ್ತಿರ ಹೋದಾಗ ಅದು ಹಸಿ ಮಾಂಸ! ಅಲ್ಲಿ ಮದುವೆಗೆ ಅದು ರಾಜೋಪಚಾರ. ತಟ್ಟೆಯನ್ನು ಹಿಂದಿನವನ ಕೈಗೆ ಕೊಟ್ಟು ಓಡಿದೆ. ಆಮೇಲೆ ಅಜ್ಜಿ ಎಲ್ಲಿಂದಲೋ ಬೇಳೆ ತರಿಸಿ, ಇಡೀ ಮದುವೆಮನೆ ನೋಡುವಂತೆ ನನ್ನ ಬಾಯಿಗೆ ತುರುಕಿದರು.

ಅವತ್ತು ಅಮ್ಮನ ಕಾಲ್ ಬಂದಾಗ, "ಮನೆಗೆ ಬಂದು ಹೇಳ್ತೀನಿ" ಎಂದಷ್ಟೇ ಅಂದೆ.

ವರದಿ

ಬಸವೇಶ್ವರನಗರದ ಮನೆಯಲ್ಲಿ ಮತ್ತೆ ಅವರೆಕಾಳು, ಮತ್ತೆ ಪೇಪರು. ಇದ್ದದ್ದು ಇದ್ದಂಗೆ ಹೇಳಿದೆ. ಏನೂ ಮುಚ್ಚಿಡಲಿಲ್ಲ. ಹೊರಗೆ ನಿಂತದ್ದು, ಬೂಟು ಹಿಡಿದದ್ದು ಎಲ್ಲ. ಅಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅಲ್ಲೂನಾ? ಅಯ್ಯೋ ನನ್ ಕಂದ, ಅಲ್ಲಿಗೆ ಹೋಗೂ ಚಪ್ಪಲಿ ಕಾದ್ಯಾ!"

ನಗು ನಿಂತ ಮೇಲೆ ಅಮ್ಮ ನನ್ನ ಮುಖವನ್ನೇ ನೋಡಿದಳು. "ಇಷ್ಟೆಲ್ಲ ಕಂಡ ಮೇಲೂ ನಿನಗೆ ಆ ಮನೆ ಬೇಕಾ?"

"ಬೇಕಮ್ಮ. ನಾನು ಒಪ್ಪಿರೋದು ಮನೇನ ಅಲ್ಲ. ಆ ಮನೆಯವನನ್ನ."

ಅಮ್ಮ ಅವರೆಕಾಳಿನ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ನಿಮ್ಮ ತಾತ ಈ ಮನೆಯವರನ್ನ ನೋಡೋಕೆ ಬಂದಾಗ ಇವರಿದ್ದದ್ದು ವಠಾರದಲ್ಲಿ. ನಲ್ಲೀನೇ ಇರ್ಲಿಲ್ಲ, ಬೀದಿ ಕೊಳಾಯಿ. ಅತ್ತೆ ಬಾಯಿ ಜೋರು. ಬೇಡವೇ ಬೇಡ ಅಂತ ವರದಿ ಕೊಟ್ರು. ನಾನು ಹುಡುಗನ್ನ ನೋಡಿದ್ದೆ, ಹೂಂ ಅಂದೆ. ಆಮೇಲೆ ಹೊತ್ತೆನಲ್ಲ, ಬೀದಿ ಕೊಳಾಯಿಯಿಂದ ನೀರು!"

ಪೇಪರಿನ ಹಿಂದೆ ಅಪ್ಪ ಕೆಮ್ಮಿದರು.

"ಹಂಗಾದ್ರೆ ಹೂಂ ಅಂತಾನಾ ಅಮ್ಮ?"

"ಗಣೇಶನ ಹಬ್ಬಕ್ಕೆ ಕಡುಬು ತಿನ್ನಲ್ಲ ಅಂದ್ರೆ ನೋಡು ಮತ್ತೆ!"

"ಕಡುಬು ಬಿಡೋ ಮೂತಿನಾಮ್ಮ ಇದು? ಆದ್ರೆ ಪೂಜೆಗೆ ಕೂರಲ್ಲ. ಅದೂ ಇದ್ದದ್ದು ಇದ್ದಂಗೆ ಹೇಳಿದೀನಿ."

ಅಮ್ಮನಿಗೆ ನೋವಾಯಿತು, ನನಗೆ ಕಂಡಿತು. ಆಮೇಲೆ ಬಟ್ಟಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

"ಮುಳುಗಿಸೋದು ಯಾವ ನೀರಲ್ಲಿ? ಕಾವೇರೀನೋ ಬೋರೋ?"

"ಬೋರ್‌ವೆಲ್ಲು ಅನ್ಸುತ್ತೆ. ಟೆರೇಸ್ ಮೇಲೆ ತೊಟ್ಟಿ ಕಟ್ಟಿದಾರೆ."

"ಥೂ. ತಲೆಗೆ ಬೋರ್ ನೀರು ಹಾಕಿದ್ರೆ ಕೂದಲು ಉಳಿಯುತ್ತಾ?" ಅಂದಳು ಅಮ್ಮ, ಹೂಂ ಅನ್ನಲೇ ಇಲ್ಲ.

ಕಾಮಾಕ್ಷಿಪಾಳ್ಯ

ದೀಕ್ಷಾಸ್ನಾನದ ಭಾನುವಾರ ಅಮ್ಮ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ನಾನೊಬ್ಬಳೇ ಬೇಗ ಹೋದೆ. ಟೆರೇಸಿನಲ್ಲಿ ಬಿಳಿ ಚೂಡಿದಾರದಲ್ಲಿ ನಡುಗುತ್ತ ನಿಂತಿದ್ದಾಗ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಅಪ್ಪ! ಹೆಗಲ ಮೇಲೆ ದೊಡ್ಡ ನೀರಿನ ಕ್ಯಾನು. ಅದನ್ನಿಳಿಸಿ ಪಾಸ್ಟರ್ ಅಂಕಲ್‌ಗೆ ಕೈಮುಗಿದರು.

"ಕಾವೇರಿ ನೀರು ಸಾರ್. ನಮ್ಮನೆ ನಲ್ಲೀದು. ಇದನ್ನೂ ತೊಟ್ಟಿಗೆ ಹಾಕ್ಬೇಕಂತೆ, ಇವಳ ಅಮ್ಮ ಹೇಳಿದಾಳೆ."

ಪಾಸ್ಟರ್ ಅಂಕಲ್ ಒಂದು ಗಳಿಗೆ ಅಪ್ಪನನ್ನು ನೋಡಿದರು. "ಹಾಕೋಣ ಸಾರ್, ನೀರು ನೀರೇ ತಾನೆ" ಎಂದು ತಾವೇ ಒಂದು ಕಡೆ ಹಿಡಿದರು. ಇಬ್ಬರೂ ಸೇರಿ ಕ್ಯಾನು ಬಗ್ಗಿಸಿದರು.

ನಾನು ಕೆಳಗೆ ಬಗ್ಗಿ ನೋಡಿದೆ. ಮಹಡಿಯ ಮೆಟ್ಟಿಲ ಮೇಲೆ, ಚಪ್ಪಲಿಗಳ ಸಾಲಿನ ಪಕ್ಕ, ಅಮ್ಮ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಮಡಿಲಲ್ಲಿ ಟವೆಲ್ಲು. ಪಾಸ್ಟರಮ್ಮ ಒಳಗೆ ಬನ್ನಿ ಎಂದು ಕರೆಯುತ್ತಿದ್ದರು.

"ಇಲ್ಲಮ್ಮ, ನಾನು ಒಳಗೆ ಬರಲ್ಲ. ತಪ್ಪು ತಿಳ್ಕೋಬೇಡಿ" ಅಂದಳು ಅಮ್ಮ. "ನೀವು ಹೋಗಿ ನಡೆಸಿ. ಚಪ್ಪಲಿ ನಾನು ನೋಡ್ಕೋತೀನಿ."

ನೀರು ತಣ್ಣಗಿತ್ತು. ಪಾಸ್ಟರ್ ಅಂಕಲ್ ಕೇಳಿದ ಪ್ರಶ್ನೆಗೆ "ನಾನು ನಂಬುತ್ತೇನೆ" ಎಂದು ಕನ್ನಡದಲ್ಲೇ, ಕೆಳಗಿನ ಮೆಟ್ಟಿಲಿಗೂ ಕೇಳುವಷ್ಟು ಜೋರಾಗಿ ಹೇಳಿದೆ. ಮುಳುಗಿ ಎದ್ದಾಗ ಮೊದಲು ಕಂಡದ್ದು ಅಪ್ಪನ ಮುಖ. ಅವರು ಖಾಲಿ ಕ್ಯಾನನ್ನು ತಬ್ಬಿಕೊಂಡು ನಿಂತು ಅಳುತ್ತಿದ್ದರು.

ನೀರು ತೊಟ್ಟಿಕ್ಕಿಸಿಕೊಂಡು ಇಳಿದು ಬಂದೆ. ಅಮ್ಮ ಎದ್ದು ನಿಂತಳು, ನನ್ನನ್ನು ತಿರುಗಿಸಿ ನಿಲ್ಲಿಸಿ ಟವೆಲ್ಲಿನಿಂದ ತಲೆ ಒರೆಸತೊಡಗಿದಳು. ಚಿಕ್ಕವಳಿದ್ದಾಗ ಒರೆಸುತ್ತಿದ್ದ ಹಾಗೆಯೇ, ಕಿವಿ ನೋಯುವಷ್ಟು ಬಿಗಿಯಾಗಿ. ಆಮೇಲೆ ಬಗ್ಗಿ, ಅಷ್ಟು ಚಪ್ಪಲಿಗಳ ನಡುವೆ ಬೇರೆಯಾಗಿ ಎತ್ತಿಟ್ಟಿದ್ದ ನನ್ನ ಜೋಡಿಯನ್ನು ನನ್ನ ಕಾಲಿನ ಮುಂದೆ ಇಟ್ಟಳು.

"ಹಾಕ್ಕೋ" ಅಂದಳು. "ಮನೆಗೆ ಹೋಗೋಣ."